ಹಿಮದ ನಾಡಿಗೆ ಹೊರಡುವ ಮುನ್ನ

ಎರಡು ವರ್ಷಗಳ ಹಿಂದಿನ ಮಾತು. ನವೆಂಬರ್ ತಿಂಗಳ ಒಂದು ಸಂಜೆ ಕುಣಿಗಲ್‌ನ ನನ್ನ ಕ್ಲಿನಿಕ್ ಮುಚ್ಚುವ ಹೊತ್ತಿಗೆ ನಿವೃತ್ತ ಮೇಷ್ಟ್ರೊಬ್ಬರು ಪತ್ನಿಯೊಡನೆ ಬಂದರು. ವಯಸ್ಸು ಅರವತ್ತೆಂಟು. ಒಂಬತ್ತು ವರ್ಷದಿಂದ ರಕ್ತದೊತ್ತಡ, ಆರು ವರ್ಷದಿಂದ ಸಕ್ಕರೆ ಕಾಯಿಲೆ. ಕೈಯಲ್ಲಿ ಒಂದು ಅಚ್ಚಾದ ನಮೂನೆ ಇತ್ತು.

“ಮಗ ಫಿನ್ಲೆಂಡಿನಲ್ಲಿದ್ದಾನಲ್ಲ, ಕ್ರಿಸ್‌ಮಸ್ ರಜಕ್ಕೆ ಎಲ್ಲರನ್ನೂ ಕರೆಸಿಕೊಳ್ತಿದ್ದಾನೆ. ಮಗಳು, ಅಳಿಯ, ಮೊಮ್ಮಗಳೂ ಬರ್ತಾರೆ. ಭೂಮಿಯ ತುತ್ತತುದಿಗೆ ಕರ್ಕೊಂಡು ಹೋಗ್ತಾನಂತೆ. ಪ್ರಯಾಣಕ್ಕೆ ಯೋಗ್ಯರು ಅಂತ ಒಂದು ಸಹಿ ಹಾಕ್ಬಿಡಿ ಡಾಕ್ಟ್ರೇ” ಎಂದರು.

ಪರೀಕ್ಷಿಸುತ್ತಾ, ನಡೆಯುವಾಗ ಎದೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದೆ. “ಏನೂ ಇಲ್ಲ” ಎಂದರು. ಪಕ್ಕದಲ್ಲಿದ್ದ ಪತ್ನಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇವರು ಕೆರೆ ಏರಿ ಮೇಲೆ ವಾಕಿಂಗ್ ಹೋಗೋದು ಬಿಟ್ಟು ಎರಡು ತಿಂಗಳಾಯ್ತು. ಎದೆ ಹಿಡಿದಂಗಾಗುತ್ತಂತೆ, ನಿಂತರೆ ಹೋಗುತ್ತಂತೆ. ಮಗನಿಗೆ ಹೇಳಬೇಡ ಅಂದಿದ್ದಾರೆ” ಎಂದರು. ಮೇಷ್ಟ್ರು ತಲೆ ತಗ್ಗಿಸಿ, “ಟಿಕೆಟ್ ತೆಗೆಸಿಬಿಟ್ಟಿದ್ದಾನೆ ಡಾಕ್ಟ್ರೇ, ಲಕ್ಷಗಟ್ಟಲೆ ದುಡ್ಡು” ಎಂದರು.

ಅಂದು ನಾನು ಸಹಿ ಹಾಕಲಿಲ್ಲ. ಈ ಲೇಖನ ಬರೆಯಲು ಆ ಸಂಜೆಯೇ ಕಾರಣ.

ಮೊದಲೆಲ್ಲ ನಮ್ಮ ತಾಲ್ಲೂಕಿನ ಹಿರಿಯರ ದೂರದ ಪ್ರಯಾಣವೆಂದರೆ ಕಾಶಿ, ರಾಮೇಶ್ವರ. ಈಗ ಮಕ್ಕಳು ಎಲ್ಲೆಲ್ಲಿ ಕೆಲಸಕ್ಕಿದ್ದಾರೋ ಅಲ್ಲಿಗೆಲ್ಲ ಹೋಗುತ್ತಾರೆ. ಇದು ಸಂತೋಷದ ವಿಷಯವೇ. ವಯಸ್ಸಾದವರು ಶೀತಪ್ರದೇಶಕ್ಕೆ ಹೋಗಲೇಬಾರದು ಎಂದು ಹೇಳುವವನು ನಾನಲ್ಲ. ಆದರೆ ಇಂಥ ಪ್ರವಾಸವನ್ನು ನಾವು ಟಿಕೆಟ್ಟಿನ ದರ, ಮಗನ ರಜೆ, ಫೋಟೋ ಚೆನ್ನಾಗಿ ಬರುವ ಸ್ಥಳ ಇವುಗಳ ಲೆಕ್ಕದಲ್ಲಿ ಗೊತ್ತುಮಾಡುತ್ತೇವೆ. ಮನೆಯಲ್ಲಿ ಎಲ್ಲರಿಗಿಂತ ದುರ್ಬಲವಾದ ದೇಹ ಯಾವುದೋ ಅದರ ಲೆಕ್ಕದಲ್ಲಿ ಗೊತ್ತುಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಎಂಥ ಚಳಿ, ಎಂಥ ಕತ್ತಲೆ?

ಕುಣಿಗಲ್ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ 60 ಡಿಗ್ರಿಯಲ್ಲಿ. ಅಲ್ಲಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಟ್ಟುವ ರೊವಾನಿಯೆಮಿ ಪಟ್ಟಣ ಉತ್ತರ ಧ್ರುವವೃತ್ತದ ಅಂಚಿನಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಕಾಣಿಸುವುದು ದಿನಕ್ಕೆ ಎರಡು ಗಂಟೆ ಚಿಲ್ಲರೆ ಮಾತ್ರ. ಇನ್ನೂ ಉತ್ತರದ ಉತ್ಸ್‌ಯೊಕಿಯಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಈ ಕತ್ತಲ ಕಾಲಕ್ಕೆ ಅವರ ಭಾಷೆಯಲ್ಲಿ ‘ಕಾಮೋಸ್’ ಎಂಬ ಹೆಸರೇ ಇದೆ.

ಅಲ್ಲಿ ಚಳಿಗಾಲದಲ್ಲಿ ಮೈನಸ್ 20 ಡಿಗ್ರಿ ಎಂಬುದು ಅಚ್ಚರಿಯಲ್ಲ. 1999ರ ಜನವರಿಯಲ್ಲಿ ಕಿತ್ತಿಲಾ ಪ್ರದೇಶದ ಪೊಕ್ಕಾ ಎಂಬಲ್ಲಿ ಮೈನಸ್ 51.5 ಡಿಗ್ರಿ ದಾಖಲಾಗಿತ್ತು. ಮುಂಜಾವಿನಲ್ಲಿ ಹದಿನೈದು ಡಿಗ್ರಿಗೆ ಇಳಿದರೆ ಮಫ್ಲರ್ ಸುತ್ತಿಕೊಳ್ಳುವವರು ನಾವು!

ಗಾಳಿಯನ್ನೂ ಮರೆಯಬಾರದು. ಮೈನಸ್ 20 ಡಿಗ್ರಿ ಇರುವಾಗ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಬೀಸಿದರೆ ಚರ್ಮದ ಪಾಲಿಗೆ ಅದು ಮೈನಸ್ 33ರಂತೆ. ಹಿಮದ ಮೇಲೆ ಓಡಿಸುವ ಮೋಟಾರು ವಾಹನದಲ್ಲಿ ಕುಳಿತರೆ ಆ ಗಾಳಿಯನ್ನು ನಾವೇ ಉಂಟುಮಾಡಿಕೊಂಡಂತೆ.

ಚಳಿಯ ಶಕ್ತಿಯನ್ನು ಲಘುವಾಗಿ ಎಣಿಸಬಾರದು. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿ, ಒಂಬತ್ತು ಮಂದಿ ಪ್ರಾಣ ಕಳೆದುಕೊಂಡದ್ದು ಓದುಗರಿಗೆ ನೆನಪಿರಬಹುದು. ಅದು ಎತ್ತರದ ಬೆಟ್ಟ, ಲ್ಯಾಪ್‌ಲ್ಯಾಂಡ್ ಹಾಗಲ್ಲ. ನಾಲ್ಕು ಹೆಜ್ಜೆಗೆ ಬೆಚ್ಚನೆಯ ಮನೆ ಇರುತ್ತದೆ. ಆದರೂ ಚಳಿ, ಗಾಳಿ, ಆಯಾಸ ಒಟ್ಟಾದಾಗ ದೇಹ ಎಷ್ಟು ಬೇಗ ಸೋಲುತ್ತದೆ ಎಂಬುದಕ್ಕೆ ಆ ದುರಂತವೇ ಸಾಕ್ಷಿ.

ಹೃದಯಕ್ಕೆ ಏನಾಗುತ್ತದೆ?

ಚಳಿ ತಗುಲಿದೊಡನೆ ದೇಹ ತನ್ನ ಶಾಖವನ್ನು ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳನ್ನು ಸಂಕುಚಿಸುತ್ತದೆ. ನಾಳಗಳು ಕಿರಿದಾದರೆ ರಕ್ತದೊತ್ತಡ ಏರುತ್ತದೆ. ಹೃದಯ ಹೆಚ್ಚು ಬಲದಿಂದ ರಕ್ತ ತಳ್ಳಬೇಕಾಗುತ್ತದೆ. ಅದೇ ಹೊತ್ತಿಗೆ ಹೃದಯಕ್ಕೇ ರಕ್ತ ಒದಗಿಸುವ ನಾಳಗಳೂ ಸಂಕುಚಿಸಬಹುದು. ಅಂದರೆ ಕೆಲಸ ಹೆಚ್ಚು, ಕೂಲಿ ಕಡಿಮೆ. ಇದರ ಮೇಲೆ ದಪ್ಪ ಉಡುಪು, ಭಾರದ ಬೂಟು ಹಾಕಿಕೊಂಡು ಮೆತ್ತನೆಯ ಹಿಮದಲ್ಲಿ ಕಾಲೆಳೆಯುತ್ತಾ ನಡೆಯಬೇಕು. ಕೆರೆ ಏರಿಯ ಮೇಲೆ ಎದೆ ಹಿಡಿಯುವವರಿಗೆ ಅಲ್ಲಿ ಏನಾದೀತೆಂದು ಊಹಿಸಿ.

ಆದ್ದರಿಂದ ನಡೆದಾಗ ಎದೆನೋವು, ಉಬ್ಬಸ, ಹತೋಟಿಗೆ ಬಾರದ ರಕ್ತದೊತ್ತಡ, ಇತ್ತೀಚೆಗೆ ಹೃದಯಾಘಾತ ಆದವರು ತಜ್ಞರ ಪರೀಕ್ಷೆಯಿಲ್ಲದೆ ಇಂಥ ಪ್ರವಾಸಕ್ಕೆ ಹೊರಡಬಾರದು. ಹೊರಡುವ ಎರಡು ದಿನ ಮುಂಚೆ ಸಹಿಗೆ ಬರುವುದಲ್ಲ, ಎರಡು ತಿಂಗಳು ಮುಂಚೆ ಪರೀಕ್ಷೆಗೆ ಬರಬೇಕು. ಟಿಕೆಟ್ ತೆಗೆಸುವುದು ಆಮೇಲೆ. ವೈದ್ಯರ ಸಹಿ ರಕ್ತನಾಳವನ್ನು ಅಗಲ ಮಾಡುವುದಿಲ್ಲ.

ಫಿನ್ನರ ಮನೆಮನೆಯಲ್ಲೂ ‘ಸೌನಾ’ ಎಂಬ ಬಿಸಿ ಕೋಣೆ ಇರುತ್ತದೆ. ಅದರೊಳಗೆ ಶಾಖ 80ರಿಂದ 100 ಡಿಗ್ರಿವರೆಗೂ ಇರುವುದುಂಟು. ಅವರು ಅದರಿಂದೆದ್ದು ಹಿಮದಲ್ಲಿ ಹೊರಳಾಡುತ್ತಾರೆ. ಹುಟ್ಟಿನಿಂದ ರೂಢಿಯಾದವರು ಅವರು. ನಮ್ಮ ಹಿರಿಯರು, ಅದರಲ್ಲೂ ಹೃದಯದ ತೊಂದರೆ ಇರುವವರು, ಈ ಸಾಹಸವನ್ನು ನೋಡಿ ಆನಂದಿಸಿದರೆ ಸಾಕು. ಚಳಿಗೆ ಒಂದು ಗುಟುಕು ಮದ್ಯ ಒಳ್ಳೆಯದು ಎಂಬುದೂ ತಪ್ಪು ನಂಬಿಕೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈ ಬೆಚ್ಚಗಾದಂತೆ ತೋರಿಸುತ್ತದೆ. ನಿಜವಾಗಿ ಒಳಗಿನ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ.

ಸಕ್ಕರೆ ಕಾಯಿಲೆಯವರಿಗೆ

ಸಕ್ಕರೆ ಕಡಿಮೆಯಾದಾಗ ಮೈ ನಡುಗುತ್ತದೆ. ಚಳಿಗೂ ಮೈ ನಡುಗುತ್ತದೆ. ಹಿಮದಲ್ಲಿ ನಿಂತಾಗ ಯಾವುದು ಯಾವುದೆಂದು ತಿಳಿಯದೆ ಮೋಸಹೋಗುವ ಅಪಾಯವಿದೆ. ಆದ್ದರಿಂದ ಊಟದ ಹೊತ್ತು ತಪ್ಪಿಸಬೇಡಿ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಮಾತ್ರೆ, ಇನ್ಸುಲಿನ್ ವೇಳೆಯನ್ನು ಹೇಗೆ ಹೊಂದಿಸಬೇಕೆಂದು ಹೊರಡುವ ಮುನ್ನವೇ ವೈದ್ಯರಿಂದ ಬರೆಸಿಕೊಳ್ಳಿ.

ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಕರಗಿದ ಮೇಲೂ ಬಳಸಬಾರದು. ವಿಮಾನದಲ್ಲಿ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಹೊರಗೆ ಓಡಾಡುವಾಗ ಅಂಗಿಯ ಒಳಜೇಬಿನಲ್ಲಿ, ಮೈಶಾಖ ತಗುಲುವಂತೆ ಇರಲಿ. ಸಕ್ಕರೆ ನೋಡುವ ಯಂತ್ರವೂ ತೀರಾ ಚಳಿಯಲ್ಲಿ ತಪ್ಪು ತೋರಿಸಬಹುದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬೆರಳು ಮರಗಟ್ಟಿದ್ದೇ ಗೊತ್ತಾಗುವುದಿಲ್ಲ. ಪ್ರತಿರಾತ್ರಿ ಪಾದಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಬಿಸಿನೀರಿನ ಚೀಲವನ್ನು ಪಾದಕ್ಕೆ ಇಟ್ಟುಕೊಳ್ಳಬಾರದು.

ಮಕ್ಕಳ ವಿಷಯ

ಮೇಷ್ಟ್ರ ಮೊಮ್ಮಗಳಿಗೆ ಆರು ವರ್ಷ, ಆಗಾಗ ಉಬ್ಬಸ ಬರುವ ಮಗು. ತಣ್ಣನೆಯ ಒಣಗಾಳಿ ಶ್ವಾಸನಾಳಗಳನ್ನು ಕೆರಳಿಸುತ್ತದೆ. ಇಂಥ ಮಕ್ಕಳ ಇನ್‌ಹೇಲರ್ ಸದಾ ಹತ್ತಿರವಿರಬೇಕು, ಅದೂ ಬೆಚ್ಚಗಿರಬೇಕು. ಬಾಯಿ, ಮೂಗಿಗೆ ಉಣ್ಣೆ ಬಟ್ಟೆ ಅಡ್ಡವಿದ್ದರೆ ಒಳಹೋಗುವ ಗಾಳಿ ಕೊಂಚ ಬೆಚ್ಚಗಾಗುತ್ತದೆ. ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ಆಡುವ ಮಗುವಿಗಿಂತ ಎತ್ತಿಕೊಂಡ ಅಥವಾ ಜಾರುಬಂಡಿಯಲ್ಲಿ ಕೂರಿಸಿದ ಮಗುವಿಗೆ ಚಳಿ ಹೆಚ್ಚು ತಾಗುತ್ತದೆ. ನಾವು ನಡೆದು ಬೆವರುತ್ತಿರುತ್ತೇವೆ, ಅದು ಕುಳಿತು ಮರಗಟ್ಟುತ್ತಿರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಒಳಗೆ ಕರೆತಂದು ಕೈಕಾಲು, ಮೂಗು, ಕಿವಿ ನೋಡುವುದು ಒಳ್ಳೆಯದು.

ಉಡುಪು, ನಡಿಗೆ, ಪ್ರಥಮ ಚಿಕಿತ್ಸೆ

ಒಂದೇ ದಪ್ಪ ಸ್ವೆಟರ್‌ಗಿಂತ ಮೂರು ಪದರ ಉಡುಪು ಮೇಲು. ಮೈಗೆ ತಾಗುವ ಪದರ ಉಣ್ಣೆಯದಾಗಿರಲಿ; ಹತ್ತಿ ಬನಿಯನ್ ಬೆವರನ್ನು ಹಿಡಿದಿಟ್ಟು ಮೈಯನ್ನು ತಣ್ಣಗೆ ಮಾಡುತ್ತದೆ. ನಡುವೆ ಇನ್ನೊಂದು ಉಣ್ಣೆ, ಹೊರಗೆ ಗಾಳಿ ತಡೆಯುವ ಕೋಟು. ಬೂಟು ಬಿಗಿಯಾಗಿರಬಾರದು. ಐದು ಬೆರಳಿನ ಕೈಗವಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಚೀಲದಂಥ ಗವಸು ಬೆಚ್ಚಗಿರುತ್ತದೆ. ಇವನ್ನೆಲ್ಲ ಇಲ್ಲೇ ಕೊಂಡು ಹೊರೆ ಹೊರಬೇಕಾಗಿಲ್ಲ; ಅಲ್ಲಿ ಪ್ರವಾಸಿಗರಿಗೆ ದಪ್ಪ ಉಡುಪು, ಬೂಟು ಬಾಡಿಗೆಗೆ ಸಿಗುತ್ತವೆ.

ಹಿರಿಯರಿಗೆ ಚಳಿಯಷ್ಟೇ ದೊಡ್ಡ ಶತ್ರು ಜಾರುವ ನೆಲ. ಅರವತ್ತು ದಾಟಿದವರು ಹೆಪ್ಪುಗಟ್ಟಿದ ನೆಲದ ಮೇಲೆ ಬಿದ್ದರೆ ಸೊಂಟದ ಕೀಲಿನ ಮೂಳೆ ಮುರಿಯಬಹುದು. ಬೂಟಿನ ಕೆಳಗೆ ಸಿಕ್ಕಿಸುವ ಮುಳ್ಳುಪಟ್ಟಿ ದೊರೆಯುತ್ತದೆ, ನಾಚಿಕೆಪಡದೆ ಹಾಕಿಕೊಳ್ಳಿ.

ಮೂಗು, ಕಿವಿ, ಬೆರಳು ಬೆಳ್ಳಗಾಗಿ ಮೇಣದಂತೆ ಕಂಡು ಸ್ಪರ್ಶ ತಿಳಿಯದಿದ್ದರೆ ಅದು ಹಿಮದ ಕಡಿತ. ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಒಳಗೆ ಬಂದು, ಮತ್ತೆ ಚಳಿಗೆ ಒಡ್ಡುವುದಿಲ್ಲವೆಂದು ಖಚಿತವಾದ ಮೇಲೆ, ಮೈಯಷ್ಟೇ ಬೆಚ್ಚಗಿರುವ ನೀರಿನಲ್ಲಿ ಇಡಬೇಕು. ನಡುಗುತ್ತಿದ್ದವರ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಮಂಕು ಕವಿದರೆ ಮೈಶಾಖ 35 ಡಿಗ್ರಿಗಿಂತ ಕೆಳಗಿಳಿದಿದೆ ಎಂದೇ ತಿಳಿದು ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ತಡಮಾಡದೆ ನೆರವು ಕರೆಯಬೇಕು. ಅಲ್ಲಿಯೂ ತುರ್ತು ಸಂಖ್ಯೆ 112, ನಮ್ಮಲ್ಲಿರುವಂತೆಯೇ.

ವಿಮೆಯಲ್ಲಿ ಸುಳ್ಳು ಬೇಡ

ಫಿನ್ಲೆಂಡ್ ಷೆಂಗೆನ್ ಒಕ್ಕೂಟಕ್ಕೆ ಸೇರಿದ್ದರಿಂದ ವೀಸಾಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಕಂತು ಹೆಚ್ಚಾದೀತೆಂದು ಬಿ.ಪಿ., ಶುಗರ್ ಇಲ್ಲವೆಂದು ಬರೆಯುವವರಿದ್ದಾರೆ. ಮುಚ್ಚಿಟ್ಟ ಕಾಯಿಲೆಯಿಂದ ಅಲ್ಲಿ ಆಸ್ಪತ್ರೆ ಸೇರಿದರೆ ವಿಮೆ ಕೈಕೊಡಬಹುದು. ಆ ದೇಶದ ಆಸ್ಪತ್ರೆಯ ಬಿಲ್ಲು ಮಗನ ತಲೆಯ ಮೇಲೆ. ಔಷಧಿಗಳನ್ನು ಪ್ರವಾಸದ ಅವಧಿಗಿಂತ ಒಂದು ವಾರ ಹೆಚ್ಚಿಗೆ, ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿಯ ಜೊತೆ ಒಯ್ಯಿರಿ. ಅಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಸಿಗುವುದಿಲ್ಲ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿಗಳ ಬಗ್ಗೆ ಮುಂಚೆಯೇ ವಿಚಾರಿಸಿಕೊಳ್ಳಿ.

ಡಿಸೆಂಬರ್ ಏಕೆ?

ಕೊನೆಯದಾಗಿ, ಬಹಳ ಮನೆಯವರು ಯೋಚಿಸದ ಒಂದು ಮಾತು. ಹಿಮ ನೋಡಲು, ಆಕಾಶದ ಹಸಿರು ಬೆಳಕು ನೋಡಲು ಡಿಸೆಂಬರ್ ತಿಂಗಳೇ ಆಗಬೇಕಿಲ್ಲ. ಲ್ಯಾಪ್‌ಲ್ಯಾಂಡಿನಲ್ಲಿ ಮಾರ್ಚ್ ತಿಂಗಳಲ್ಲೂ ಹಿಮ ದಟ್ಟವಾಗಿಯೇ ಇರುತ್ತದೆ. ಹಗಲು ಹನ್ನೆರಡು ಗಂಟೆ. ಚಳಿಯ ಕಟುತ್ವ ಇಳಿದಿರುತ್ತದೆ. ಹಗಲು ರಾತ್ರಿ ಸಮನಾಗುವ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ ಆ ಬೆಳಕು ಕಾಣುವ ಅವಕಾಶವೂ ಚೆನ್ನಾಗಿರುತ್ತದೆ. ಮಗನಿಗೆ ರಜೆ ಇಲ್ಲ, ಮೊಮ್ಮಗಳಿಗೆ ಪರೀಕ್ಷೆ ಎನ್ನಬಹುದು. ರಜೆಯನ್ನು ಬದಲಿಸಬಹುದು, ಒಂದನೇ ತರಗತಿಯ ಪರೀಕ್ಷೆಯೂ ಅಂಥ ದೊಡ್ಡದಲ್ಲ. ಅಪ್ಪನ ಹೃದಯವನ್ನು ಮಾತ್ರ ಬದಲಿಸಲಾಗದು.

ಈ ಹೃದಯದ ಮಾತನ್ನು ಫಿನ್ಲೆಂಡೇ ಒಂದು ಕಾಲಕ್ಕೆ ಕಷ್ಟಪಟ್ಟು ಕಲಿಯಿತು. 1972ರಲ್ಲಿ ಅಲ್ಲಿನ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ಹೃದ್ರೋಗದ ಸಾವು ವಿಪರೀತವಾಗಿತ್ತು. ಡಾ. ಪೆಕ್ಕಾ ಪುಸ್ಕಾ ಅವರ ನೇತೃತ್ವದಲ್ಲಿ ಬೆಣ್ಣೆ, ಉಪ್ಪು, ತಂಬಾಕು ಕಡಿಮೆ ಮಾಡಿಸುವ ಕೆಲಸ ಊರೂರಲ್ಲಿ ನಡೆಯಿತು. ಸುಮಾರು ಮೂರೂವರೆ ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಆ ಸಾವು ಶೇಕಡ 80ಕ್ಕೂ ಹೆಚ್ಚು ಇಳಿಯಿತು. ಅಲ್ಲಿಂದ ತರಬೇಕಾದ ಉಡುಗೊರೆ ಇದು.

ಮೇಷ್ಟ್ರ ವಿಷಯಕ್ಕೆ ಬರೋಣ. ಅವರೆದುರಿಗೇ ಮಗನಿಗೆ ಫೋನು ಮಾಡಿಸಿದೆ. ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, “ಟಿಕೆಟ್ ಹೋದರೆ ಹೋಗಲಿ ಅಪ್ಪ, ಮೊದಲೇ ಯಾಕೆ ಹೇಳಲಿಲ್ಲ?” ಎಂದ. ಬೆಂಗಳೂರಿನಲ್ಲಿ ಪರೀಕ್ಷೆಯಾಗಿ ಹೃದಯದ ಒಂದು ನಾಳ ಬಹಳ ಕಿರಿದಾಗಿದ್ದುದು ತಿಳಿಯಿತು, ಸ್ಟೆಂಟ್ ಹಾಕಿದರು. ತಜ್ಞರ ಒಪ್ಪಿಗೆ ಪಡೆದು ಮಾರ್ಚ್ ಕೊನೆಯಲ್ಲಿ ಎಲ್ಲರೂ ಹೊರಟರು. ಆಗ ನಾನು ಸಂತೋಷದಿಂದ ಸಹಿ ಹಾಕಿದೆ. ಮೂರು ರಾತ್ರಿ ಕಾದು ಒಂದು ರಾತ್ರಿ ಮಾತ್ರ ಹಸಿರು ಬೆಳಕು ಕಂಡರಂತೆ.

ಈಗ ಬೆಳಿಗ್ಗೆ ಅವರು ಮತ್ತೆ ಕೆರೆ ಏರಿಯ ಮೇಲೆ ಸಿಗುತ್ತಾರೆ. ನಡುವೆ ನಿಲ್ಲುವುದಿಲ್ಲ.