ಬೂದಿಯೊಳಗಿನ ದ್ರಾಕ್ಷಿ

ಹರಿಹರಕ್ಕೆ ತುಂಗಭದ್ರೆಯ ದಡವುಂಟು, ದಾವಣಗೆರೆಗೆ ನದಿಯಿಲ್ಲ. ರಾಜನಹಳ್ಳಿಯ ಬಳಿ ಹೊಳೆಯಿಂದ ಎತ್ತಿದ ನೀರು, ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ತುಂಬಿಸಿದ ನೀರು ಆ ನಗರದ ಬಾಯಾರಿಕೆಯನ್ನು ನೀಗುತ್ತವೆ. ನಾಲೆಯ ಕೊನೆಯ ಗದ್ದೆಗಳಿಗೆ ನೀರು ತಲುಪಲಿಲ್ಲವೆಂಬ ರೈತರ ಕೂಗು ಅಲ್ಲಿ ಹೊಸದಲ್ಲ. ಇಂತಹ ಸೀಮೆಯವರಿಗೆ, ನದಿಯೇ ಇಲ್ಲದ, ದಾವಣಗೆರೆಯ ಕಾಲುಪಾಲಿನಷ್ಟು ಮಾತ್ರ ಮಳೆ ಕಾಣುವ ದ್ವೀಪವೊಂದು ದ್ರಾಕ್ಷಾಮದ್ಯಕ್ಕೆ ಹೆಸರಾಗಿದೆಯೆಂದರೆ ಆಶ್ಚರ್ಯವಾಗದಿರದು.

ಆ ದ್ವೀಪದ ಹೆಸರು ಲಾಂಜರೋಟೆ. ಆಫ್ರಿಕದ ಪಶ್ಚಿಮ ತೀರದಾಚೆ, ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಅದೊಂದು. 1730ರ ಸೆಪ್ಟೆಂಬರ್ 1ರಂದು ಅಲ್ಲಿಯ ನೆಲ ಬಿರಿದು ಬೆಂಕಿ ಕಾರತೊಡಗಿತು. 1736ರವರೆಗೂ ಅದು ಆರಲಿಲ್ಲ. ಹಳ್ಳಿಗಳೂ ಧಾನ್ಯ ಬೆಳೆಯುತ್ತಿದ್ದ ಫಲವತ್ತಾದ ಹೊಲಗಳೂ ಲಾವಾರಸದ ಕೆಳಗೆ, ಬೂದಿಯ ಕೆಳಗೆ ಹೂತುಹೋದವು.

ಉಳಿದವರು ಆ ಬೂದಿಯನ್ನೇ ಬಂಡವಾಳವಾಗಿಸಿಕೊಂಡರು. ಕರಿಯ ಬೂದಿಹರಳು ಮಳೆಯ ಹನಿಯನ್ನು ಕೂಡಲೇ ಕೆಳಕ್ಕಿಳಿಸುತ್ತದೆ. ಬಿಸಿಲು ಆ ತೇವವನ್ನು ಹೀರದಂತೆ ಹೊದಿಕೆಯಾಗಿ ಕಾಯುತ್ತದೆ. ರೈತರು ಬೂದಿಯಲ್ಲಿ ಬಟ್ಟಲಿನಾಕಾರದ ಆಳವಾದ ಗುಣಿಗಳನ್ನು ತೋಡಿ, ಅಡಿಯಲ್ಲಿ ಹುದುಗಿದ್ದ ಹಳೆಯ ಮಣ್ಣಿನಲ್ಲಿ ಗುಣಿಗೊಂದರಂತೆ ಬಳ್ಳಿ ನೆಟ್ಟರು. ಕಡಲ ಗಾಳಿಗೆ ಅಡ್ಡವಾಗಿ ಗಾರೆಯಿಲ್ಲದೆ ಕಲ್ಲು ಜೋಡಿಸಿ ಅರ್ಧಚಂದ್ರಾಕಾರದ ಗೋಡೆ ಕಟ್ಟಿದರು. ಇಂತಹ ತೋಟದಲ್ಲಿ ಯಂತ್ರ ಓಡದು. ಇಂದಿಗೂ ಗೊಂಚಲನ್ನು ಕೈಯಿಂದಲೇ ಕೊಯ್ಯಬೇಕು. ಇಳುವರಿ ಕಡಮೆ, ದುಡಿಮೆ ಹೆಚ್ಚು. ಆದರೂ 1775ರಲ್ಲಿ ಸ್ಥಾಪನೆಯಾದ ಎಲ್ ಗ್ರಿಫೋ ಮದ್ಯಶಾಲೆ ಇನ್ನೂ ನಡೆದಿದೆ. ಅಲ್ಲಿ ಮಾಲ್ವಾಸಿಯ ಜಾತಿಯ ಹಣ್ಣಿನ ರಸವನ್ನು ಹುದುಗಿಸಿ ಮದ್ಯವಾಗಿಸುತ್ತಾರೆ. ದಾವಣಗೆರೆಯ ಬೆಣ್ಣೆದೋಸೆಯ ಹಿಟ್ಟು ರಾತ್ರಿಯಲ್ಲಿ ಉಬ್ಬುವುದೂ ಹುದುಗುವಿಕೆಯಿಂದಲೇ ಎಂಬುದನ್ನು ಗೃಹಿಣಿಯರು ಬಲ್ಲರು.

ಕನ್ನಡ ನಾಡಿಗೂ ಲಾವಾ ಅಪರಿಚಿತವಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಕಲ್ಲು ಸವೆದು ವಿಜಯಪುರ ಸೀಮೆಯ ಕಪ್ಪು ಮಣ್ಣಾಯಿತು. ಅಲ್ಲಿಯ ದ್ರಾಕ್ಷಿಯಲ್ಲಿ ಬಹುಪಾಲು ಒಣದ್ರಾಕ್ಷಿಯಾಗಿ ಪಾಯಸ ಸೇರುತ್ತದೆ. ವೈನ್ ಉದ್ಯಮವನ್ನು ಬೆಳೆಸಲು 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ಮಂಡಳಿಯನ್ನೂ ಸ್ಥಾಪಿಸಿತು. ಆದರೆ ಅಲ್ಲಿಯ ಬಳ್ಳಿಗೆ ಕೊಳವೆ ಬಾವಿಯ ಅಥವಾ ನಾಲೆಯ ನೀರು ಬೇಕು. ಬಾವಿ ಬತ್ತಿದರೆ ತೋಟವೂ ಒಣಗಿದಂತೆಯೇ.

ಮದ್ಯವನ್ನು ಒಲ್ಲದ ಮನೆಗಳಿಗೂ ಲಾಂಜರೋಟೆಯಿಂದ ಕಲಿಯಬೇಕಾದ ಪಾಠವೊಂದಿದೆ: ನೀರನ್ನು ತರುವ ಜಾಣ್ಮೆ ಎಷ್ಟು ಮುಖ್ಯವೋ, ಬಿದ್ದ ನೀರನ್ನು ನೆಲದಲ್ಲಿ ಉಳಿಸಿಕೊಳ್ಳುವ ಜಾಣ್ಮೆಯೂ ಅಷ್ಟೇ ಮುಖ್ಯ. ಚನ್ನಗಿರಿಯ ಸೂಳೆಕೆರೆಯನ್ನು ಕಟ್ಟಿಸಿದ ಹಿರಿಯರಿಗೆ ಇದು ತಿಳಿದಿತ್ತು. ಬರಕ್ಕೆ ಪಕ್ಕಾದ ಜಗಳೂರಿನ ಹೊಲಗಳಲ್ಲಿ ಜ್ವಾಲಾಮುಖಿಯ ಬೂದಿಯಿಲ್ಲ, ನಿಜ. ಮೆಕ್ಕೆಜೋಳದ ದಂಟು ಮಾತ್ರ ಯಥೇಚ್ಛವಾಗಿದೆ. ಕೊಯ್ಲಾದ ಮೇಲೆ ದನಕ್ಕೆ ಹಾಕಿ ಉಳಿದದ್ದನ್ನು ಸುಡುವ ಬದಲು ನೆಲಕ್ಕೆ ಹೊದಿಸಿದರೆ, ನಾಲೆ ತಲುಪದ ಹೊಲದಲ್ಲಿಯೂ ತೇವ ಇನ್ನಷ್ಟು ದಿನ ಉಳಿದೀತು.