ಬಿಸಿನೀರು ಹುಯ್ದ ಮಾತ್ರಕ್ಕೆ ಊಟ ಆಗತ್ತಾ?

ಬೆನ್ನಿಗೆ ಗಂಟು ಕಟ್ಟಿಕೊಂಡು ಬೆಟ್ಟ ಹತ್ತೋ ಚಟ ಇರುವ ನಮ್ಮ ಕನ್ನಡದ ಗೆಳೆಯರಲ್ಲಿ ಎರಡು ಪಂಗಡ. ಒಂದು, ಎರಡು ರಾತ್ರಿಯ ಚಾರಣಕ್ಕೂ ಪುಟ್ಟ ಕುಕ್ಕರು, ಸೋನಾಮಸೂರಿ, ಒಗ್ಗರಣೆ ಸಾಮಾನು ಹೊತ್ತು ಬರೋರು. ಇನ್ನೊಂದು, "ಊಟಕ್ಕೇನ್ರೀ ಚಿಂತೆ, ಫ್ರೀಜ್-ಡ್ರೈ ಪೊಟ್ಟಣ ತಗೊಳ್ಳಿ, ಬಿಸಿನೀರು ಹುಯ್ಯಿರಿ, ಹತ್ತು ನಿಮಿಷ ಬಿಟ್ಟು ತಿನ್ನಿ, ಮುಗೀತು" ಅನ್ನೋರು. ನಾನು ಬಹಳ ವರ್ಷ ಈ ಎರಡನೇ ಪಂಗಡದ ಪ್ರಚಾರಕ. ಈಗ ಇಬ್ಬರ ಕೈಲೂ ಬೈಸಿಕೊಳ್ಳುವ ಮಧ್ಯದ ಜಾಗದಲ್ಲಿ ಕೂತಿದ್ದೀನಿ. ಯಾಕೆ ಅಂತ ಹೇಳ್ತೀನಿ ಕೇಳಿ.

ಮೊದಲು ಪೊಟ್ಟಣಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ದೇವರ ಮನೆಯ ಕರ್ಪೂರ ಕರಗದೇ, ನೀರಾಗದೇ, ಹಾಗೇ ಗಾಳಿಯಲ್ಲಿ ಮಾಯ ಆಗೋದನ್ನ ನೋಡಿದ್ದೀರಲ್ಲ? ಇಲ್ಲೂ ಅದೇ ಆಟ. ಬೇಯಿಸಿದ ಅಡುಗೆಯನ್ನ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿಟ್ಟು, ನಿಧಾನಕ್ಕೆ ಸ್ವಲ್ಪ ಶಾಖ ಕೊಟ್ಟರೆ ಒಳಗಿನ ಮಂಜು ನೀರಾಗದೇ ನೇರ ಆವಿಯಾಗಿ ಹೋಗತ್ತೆ. ಮಂಜು ಇದ್ದ ಜಾಗದಲ್ಲೆಲ್ಲಾ ಸಣ್ಣ ಸಣ್ಣ ತೂತು ಉಳಿಯತ್ತೆ. ಆಮೇಲೆ ಬಿಸಿನೀರು ಬಿದ್ದರೆ ಸ್ಪಂಜಿನ ಹಾಗೆ ಹೀರಿಕೊಳ್ಳತ್ತೆ. ಬಿಸಿಲಲ್ಲಿ ಒಣಗಿಸಿದ ತರಕಾರಿ ಮುದುಡಿಕೊಳ್ಳತ್ತೆ, ಇದು ಮುದುಡೋದಿಲ್ಲ. ವ್ಯತ್ಯಾಸ ಅಷ್ಟೇ, ಆದ್ರೆ ದೊಡ್ಡ ವ್ಯತ್ಯಾಸ.

ಇದೇನು ಅಮೆರಿಕದ ಕಾರ್ಖಾನೆಯವರು ಮೊದಲು ಕಂಡುಹಿಡಿದ ಉಪಾಯ ಅಂದ್ಕೋಬೇಡಿ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಜನ ಎಷ್ಟೋ ಶತಮಾನಗಳಿಂದ ಆಲೂಗೆಡ್ಡೆಯನ್ನ ರಾತ್ರಿ ಹಿಮಕ್ಕೆ ಹಾಕಿ, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ 'ಚುನ್ಯೋ' ಅಂತ ವರ್ಷಗಟ್ಟಲೆ ಇಟ್ಟುಕೊಳ್ತಾ ಬಂದಿದ್ದಾರೆ. ಇಲ್ಲಿ ಚಾರಣದವರ ಮನೆಮಾತಾಗಿರೋ ಮೌಂಟನ್ ಹೌಸ್ ಬ್ರ್ಯಾಂಡಿನ ಬೇರು ಇರೋದು ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನಿಕರಿಗೆ ಹಗುರ ಊಟ ಮಾಡಿಕೊಟ್ಟ ಆರೆಗನ್ ರಾಜ್ಯದ ಕಂಪನಿಯಲ್ಲಿ. ನಮ್ಮ ಮೈಸೂರಿಗೂ ಈ ವಿದ್ಯೆ ಹೊಸದಲ್ಲ. 1961ರಲ್ಲಿ ಶುರುವಾದ ಡಿಎಫ್‌ಆರ್‌ಎಲ್, ಅಂದ್ರೆ ರಕ್ಷಣಾ ಆಹಾರ ಸಂಶೋಧನಾಲಯ, ಗಡಿ ಕಾಯುವ ಸೈನಿಕರಿಗೆ ಕೆಡದ ಊಟ ಮಾಡೋದನ್ನೇ ಕಸುಬು ಮಾಡಿಕೊಂಡಿತ್ತು. ನಾವು ಇಲ್ಲಿನ ಇಂಡಿಯನ್ ಸ್ಟೋರಿನಲ್ಲಿ ಕೊಳ್ಳೋ ಎಂಟಿಆರ್‌ನ ರೆಡಿ-ಟು-ಈಟ್ ಪೊಟ್ಟಣದ ತಂತ್ರಜ್ಞಾನ ಬಂದಿದ್ದೂ ಅಲ್ಲಿಂದಲೇ. ಆದ್ರೆ ಅದು ಬೇರೆ ಜಾತಿ. ಅದರಲ್ಲಿ ನೀರೆಲ್ಲಾ ಹಾಗೇ ಇರತ್ತೆ, ಒಂದೊಂದೂ 300 ಗ್ರಾಂ. ಕಾರಿನ ಡಿಕ್ಕಿಗೆ ಸರಿ, ಬೆನ್ನಿಗಲ್ಲ. ನೀರು ಹಳ್ಳದಲ್ಲೇ ಸಿಗುವಾಗ ಅದನ್ನ ಬೆಟ್ಟಕ್ಕೆ ಹೊರೋದು ಯಾಕೆ ಹೇಳಿ?

ಇಷ್ಟೆಲ್ಲಾ ಲೆಕ್ಕ ಗೊತ್ತಿದ್ದ ಬುದ್ಧಿವಂತ ನಾನು 2016ರ ಆಗಸ್ಟಿನಲ್ಲಿ ಮಾಡಿದ್ದೇನು ಗೊತ್ತಾ?

ಕ್ಯಾಲಿಫೋರ್ನಿಯಾದ ಯೊಸೆಮಿಟಿಗೆ ನಾನು, ನನ್ನಾಕೆ ಹೊರಟ್ವಿ. ಟುವಾಲಮಿ ಮೆಡೋಸ್‌ನಿಂದ ಲೈಯಲ್ ಕಣಿವೆಯಲ್ಲಿ ನಡೆದು, ಸುಮಾರು 3,370 ಮೀಟರ್ ಎತ್ತರದ ಡಾನಹ್ಯೂ ಪಾಸ್ ತಲುಪಿ ವಾಪಸ್ ಬರೋದು ಅಂತ ಯೋಜನೆ. ಅಲ್ಲಿ ಕರಡಿ ಕಾಟ. ತಿನ್ನೋ ಪದಾರ್ಥವೆಲ್ಲಾ ಕರಡಿಗೆ ಬಿಚ್ಚೋಕಾಗದ ಗಟ್ಟಿ ಡಬ್ಬಿಯಲ್ಲೇ ಇರಬೇಕು ಅನ್ನೋದು ನಿಯಮ. ಹಾಗಾಗಿ ಜಾಗ ಕಮ್ಮಿ. ತೂಕ ನೋಡಿ, ಕ್ಯಾಲರಿ ನೋಡಿ, ಜನ ಕೊಟ್ಟ ನಕ್ಷತ್ರ ಎಣಿಸಿ ಪೊಟ್ಟಣ ಆರಿಸಿದ್ದು ನಾನೇ. ರಾತ್ರಿ ಊಟಕ್ಕೆಲ್ಲಾ ಒಂದೇ ಥರದ 'ಕರಿ', ಹೆಸರು ನಮ್ಮ ದೇಶದ್ದು. ನಮ್ಮೋರದ್ದೇ ರುಚಿ ಅಲ್ವಾ, ಅವಳಿಗೆ ಹಿಡಿಸತ್ತೆ ಅಂದ್ಕೊಂಡೆ. ಅವಳನ್ನ ಕೇಳಲಿಲ್ಲ.

ಮೊದಲ ರಾತ್ರಿ ಎರಡು ಚಮಚ ತಿಂದು, "ರೀ, ಇದರಲ್ಲಿ ಚಕ್ಕೆ, ಸಕ್ಕರೆ ಬಿಟ್ರೆ ಬೇರೇನೂ ಇಲ್ಲ. ನನಗೆ ಹಸಿವಿಲ್ಲ, ನೀವು ತಿನ್ನಿ" ಅಂದಳು. ನಾನು ತಿಂದೆ. ಎರಡನೇ ರಾತ್ರಿಯೂ "ಹಸಿವಿಲ್ಲ." ಅವತ್ತೂ ನಾನೇ ತಿಂದೆ, ಅಷ್ಟು ದುಡ್ಡು ಕೊಟ್ಟಿದ್ದು ಹಾಳಾಗಬಾರದು ಅಂತ! ನಮ್ಮ ಮನೆಗಳಲ್ಲಿ ಹೆಂಗಸರು "ಹಸಿವಿಲ್ಲ" ಅಂದ್ರೆ ಅದಕ್ಕೆ ಹತ್ತು ಅರ್ಥ. ಅಮ್ಮನ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ ನಾವು? ಆದ್ರೂ ತಲೆಗೆ ಹೋಗಲಿಲ್ಲ.

ಮೂರನೇ ದಿನ ಬೆಳಗ್ಗೆ ಏರು ಶುರುವಾಗಿ ಒಂದು ಗಂಟೆ ಆಗಿರಬೇಕು. ಹಿಂದೆ ತಿರುಗಿ ನೋಡ್ತೀನಿ, ಬಂಡೆ ಮೇಲೆ ಕೂತಿದ್ದಾಳೆ. ಮುಖ ಬಿಳಿಚಿಕೊಂಡಿದೆ, ಕೈ ನಡುಗ್ತಾ ಇದೆ, ನೀರಿನ ಬಾಟಲಿಯ ಮುಚ್ಚಳ ತಿರುಗಿಸೋಕೆ ಆಗ್ತಿಲ್ಲ. ನನ್ನ ಎದೆ ಧಸಕ್ಕಂತು. ಎತ್ತರದ ಕಾಯಿಲೆಯೋ, ಇನ್ನೇನೋ... ಹತ್ತಿರದ ರಸ್ತೆ ಅಂದ್ರೆ ಪೂರ್ತಿ ಒಂದು ದಿನದ ನಡಿಗೆ. ಫೋನಿಗೆ ಸಿಗ್ನಲ್ ಅನ್ನೋದೇ ಇಲ್ಲ.

"ಡಬ್ಬಿ ತಳದಲ್ಲಿ ಒಂದು ಕವರ್ ಇದೆ, ಕೊಡಿ" ಅಂದಳು. ನನಗೆ ಗೊತ್ತಿಲ್ಲದ ಹಾಗೆ ಒಂದು ಹಿಡಿ ತೆಳು ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ ಕಲಸಿ ತುರುಕಿದ್ದಳು. ಅದನ್ನ ನಿಧಾನಕ್ಕೆ ತಿಂದು, ನೀರು ಕುಡಿದು, ಅರ್ಧ ಗಂಟೆ ಕೂತ ಮೇಲೆ ಮುಖಕ್ಕೆ ಬಣ್ಣ ಬಂತು. ಅಲ್ಲಿಂದಲೇ ವಾಪಸ್ ಇಳಿದ್ವಿ. ಪಾಸ್ ಇವತ್ತಿಗೂ ಬಾಕಿ. ಆದ್ರೆ ಆ ಕವರ್ ಇಲ್ಲದಿದ್ರೆ? ಆ ಪ್ರಶ್ನೆ ಈಗಲೂ ಕೆಲವು ರಾತ್ರಿ ಎಬ್ಬಿಸತ್ತೆ.

ಅದಕ್ಕೇ ನಾನು ಹೇಳೋದು: ಬೆಟ್ಟದ ಮೇಲೆ ಊಟದ ಗುಣ ಅಳೆಯೋದು ತೂಕದಿಂದಲ್ಲ, ಕ್ಯಾಲರಿಯಿಂದಲೂ ಅಲ್ಲ. ಸುಸ್ತಾಗಿರೋ ಬಾಯಿ ಅದನ್ನ ಒಳಗೆ ಬಿಟ್ಟುಕೊಳ್ಳತ್ತಾ ಅನ್ನೋದರಿಂದ. ಎತ್ತರ ಹೆಚ್ಚಾದ ಹಾಗೆ ಹಸಿವೇ ಕಮ್ಮಿ ಆಗತ್ತೆ. ಒಲ್ಲದ ಬಾಯಿಗೆ ಒಗ್ಗದ ರುಚಿ ಕೊಟ್ರೆ, ಪೊಟ್ಟಣದ ಮೇಲೆ 600 ಕ್ಯಾಲರಿ ಅಂತ ಬರೆದಿದ್ರೂ ಹೊಟ್ಟೆಗೆ ಸೇರೋದು ಸೊನ್ನೆ. "ನಾಲಿಗೆ ಚಪಲ ಬಿಡಿ, ಹೊಂದ್ಕೊಳ್ಳಿ" ಅನ್ನೋ ಗೆಳೆಯರೇ, ಇದು ಚಪಲ ಅಲ್ಲ, ಸುರಕ್ಷತೆ.

ಹಾಗಂತ ಕುಕ್ಕರ್ ಪಂಗಡಕ್ಕೆ ಸೇರಿದೆ ಅಂದ್ಕೋಬೇಡಿ. 3,000 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋಷ್ಟರಲ್ಲಿ ಗ್ಯಾಸ್ ಮುಗಿದಿರತ್ತೆ, ಕುಕ್ಕರ್ ಹೊತ್ತರೆ ಬೆನ್ನು ಮುರಿದಿರತ್ತೆ. ನನ್ನ ದಾರಿ ಅರ್ಧ ಅಂಗಡಿಯದು, ಅರ್ಧ ಮನೆಯದು. ಈಗಿನ ನಮ್ಮ ಮೆಚ್ಚಿನ ಊಟಗಳು ಇವು:

ಸಾರನ್ನ: ಇನ್‌ಸ್ಟಂಟ್ ಅಕ್ಕಿ, ಫ್ರೀಜ್-ಡ್ರೈ ಬಟಾಣಿ ಮತ್ತು ಜೋಳ, ಮನೆಯ ಸಾರಿನಪುಡಿ, ಹುಣಸೆಪುಡಿ, ಉಪ್ಪು. ಮೇಲೊಂದು ಚಮಚ ತುಪ್ಪ. ಗ್ರಾಮಿಗೆ ಸುಮಾರು 9 ಕ್ಯಾಲರಿ ಕೊಡೋ ತುಪ್ಪಕ್ಕಿಂತ ಒಳ್ಳೆ ಚಾರಣದ ಆಹಾರ ಯಾವುದಿದೆ?

ಗೊಜ್ಜವಲಕ್ಕಿ: ಇದು ನಮ್ಮ ಹಿರಿಯರ ಇನ್‌ಸ್ಟಂಟ್ ಫುಡ್. ತರಿಯಾಗಿ ಪುಡಿ ಮಾಡಿದ ಅವಲಕ್ಕಿಗೆ ತಣ್ಣೀರೂ ಸಾಕು. ಒಲೆ ಕೈಕೊಟ್ಟ ದಿನದ ಆಪದ್ಬಾಂಧವ.

ಅಂಗಡಿಯದ್ದೇ ಬೇಕಂದ್ರೆ, ಬ್ಯಾಕ್‌ಪ್ಯಾಕರ್ಸ್ ಪ್ಯಾಂಟ್ರಿಯ ಪ್ಯಾಡ್ ಥಾಯ್. ಕಡಲೆಕಾಯಿ ಇರೋದ್ರಿಂದ ನಮ್ಮ ಬಾಯಿಗೆ ಒಗ್ಗತ್ತೆ. ಬೆಳಗ್ಗೆಗೆ ಮೌಂಟನ್ ಹೌಸಿನ ಬ್ಲೂಬೆರಿ ಗ್ರನೋಲಾ, ತಣ್ಣೀರು ಹಾಕಿದ್ರೆ ಹಾಲೂ ತಯಾರು. ದಾರಿಯಲ್ಲಿ ಕುರುಕೋಕೆ ಫ್ರೀಜ್-ಡ್ರೈ ಸ್ಟ್ರಾಬೆರಿ.

ಮೊಸರನ್ನದ ಸಮಸ್ಯೆ ಮಾತ್ರ ಇನ್ನೂ ಬಗೆಹರಿದಿಲ್ಲ.

ಕೆಲವು ಕಿವಿಮಾತು. ಎತ್ತರದಲ್ಲಿ ಪೊಟ್ಟಣದ ಮೇಲೆ ಬರೆದಿದ್ದಕ್ಕಿಂತ ಐದು-ಹತ್ತು ನಿಮಿಷ ಹೆಚ್ಚು ಬಿಡಿ, ಟೋಪಿಯೊಳಗೆ ಬೆಚ್ಚಗೆ ಸುತ್ತಿಡಿ. 'ಇಬ್ಬರಿಗೆ' ಅಂತ ಬರೆದಿದ್ರೆ ಒಬ್ಬರಿಗೆ ಅಂತ ಓದಿಕೊಳ್ಳಿ. ಬಿಪಿ ಇರೋರು ಸೋಡಿಯಂ ಎಷ್ಟಿದೆ ಅಂತ ತಪ್ಪದೇ ನೋಡಿ. ಖಾಲಿ ಪೊಟ್ಟಣ ನಿಮ್ಮ ಜೊತೆಗೇ ವಾಪಸ್ ಬರಲಿ. ಎಲ್ಲಕ್ಕಿಂತ ಮುಖ್ಯ, ಹೊಸ ಪೊಟ್ಟಣವನ್ನ ಮೊದಲು ಮನೆಯಲ್ಲಿ, ಒಂದು ವಾರದ ದಿನ, ಆಫೀಸಿನಿಂದ ಸುಸ್ತಾಗಿ ಬಂದಾಗ, ಎಲ್ಲರೂ ಕೂತು ತಿಂದು ನೋಡಿ. ಯಾರ ತಟ್ಟೆಯಲ್ಲಿ ಉಳೀತು ಅಂತ ಗಮನಿಸಿ.

ಮುಂದಿನ ಬೇಸಿಗೆಗೆ ಮತ್ತೆ ಡಾನಹ್ಯೂ ಪಾಸಿಗೆ ಹೊರಡೋ ಮಾತಾಗಿದೆ. ಈ ಸಲ ಕರಡಿ ಡಬ್ಬಿ ತುಂಬೋದು ಅವಳು, ಹೊರೋದು ನಾನು. ನಿಮ್ಮ ಡಬ್ಬಿಯಲ್ಲಿ ಏನಿರತ್ತೆ? ಅದಕ್ಕಿಂತ ಮೊದಲು, ಏನಿರಬೇಕು ಅಂತ ಮನೆಯವರನ್ನ ಕೇಳಿದ್ದೀರಾ?