ಕರೆಂಟ್ ಕಾರಿಗೆ ಎಂಥ ಕವರ್?

ತಿಪಟೂರಿನ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಮನೆಗೆ ಹೊಸದಾಗಿ ಕರೆಂಟ್ ಕಾರು ಬಂದಿದೆಯಂತೆ. ಮಕ್ಕಳನ್ನು ಶಾಲೆಗೆ ಬಿಡಲು, ಸಂತೆಗೆ ಹೋಗಿಬರಲು ಅವರೇ ಓಡಿಸಲಿ ಎಂದು ಕೊಂಡದ್ದು. ಆದರೆ ಯಜಮಾನರು ಅದಕ್ಕೆ ಜಮಖಾನೆಯಂಥ ದಪ್ಪ ಕವರ್ ತಂದು ಹೊದಿಸಿಬಿಟ್ಟಿದ್ದಾರೆ. ತೆಗೆಯಲು ಇಬ್ಬರು ಬೇಕು, ಹಾಕಲು ಇಬ್ಬರು ಬೇಕು. ಈಗ ಸೋದರಿ ಆಟೋದಲ್ಲಿ ಓಡಾಡುತ್ತಿದ್ದಾರೆ, ಕಾರು ಬೆಚ್ಚಗೆ ಮಲಗಿದೆ! "ಕವರ್ ಬೇಕೇಬೇಕಾ? ಬೇಕಾದ್ರೆ ಎಂಥದ್ದು ತರಲಿ?" ಎಂದು ಕೇಳಿದ್ದಾರೆ.

ಮೊದಲು ಕಾರು ಎಲ್ಲಿ ನಿಲ್ಲುತ್ತದೆ ಹೇಳಿ. ಮೂರು ಕಡೆ ಗೋಡೆ, ಮೇಲೆ ತಾರಸಿ ಇರುವ ಜಾಗದಲ್ಲಿ ನಿಂತು ದಿನವೂ ಹೊರಗೆ ಹೋಗುವ ಕಾರಿಗೆ ಕವರ್ ಬೇಡವೇ ಬೇಡ. ದಿನಕ್ಕೆರಡು ಸಲ ಬಟ್ಟೆ ಎಳೆದಾಡಿದರೆ ಬಣ್ಣಕ್ಕೆ ಗೀರು ಬೀಳುವುದೇ ಲಾಭ. ಕವರ್ ಬೇಕಾಗುವುದು ಬಯಲಿನಲ್ಲಿ, ಬೀದಿ ಬದಿಯಲ್ಲಿ, ಮರದಡಿಯಲ್ಲಿ ನಿಲ್ಲುವ ಕಾರಿಗೆ. ಮಾವಿನ ಮರ ಹೂ ಬಿಟ್ಟಾಗ ಜಿಗಿಹುಳದ ಅಂಟು ಸುರಿಯುತ್ತದೆ. ನೇರಳೆ ಹಣ್ಣಿನ ಕಲೆ, ಕಾಗೆ ಹಿಕ್ಕೆ ಬಿಸಿಲಿಗೆ ಒಣಗಿದರೆ ಬಣ್ಣವನ್ನೇ ತಿನ್ನುತ್ತವೆ. ತೆಂಗಿನ ಮರದ ಕೆಳಗೆ ನಿಲ್ಲಿಸುವವರಿಗೆ ಮಾತ್ರ ನನ್ನ ಬಳಿ ಯಾವ ಕವರೂ ಇಲ್ಲ, ಕಾರನ್ನೇ ಪಕ್ಕಕ್ಕೆ ಸರಿಸಿರಮ್ಮ!

ಬ್ಯಾಟರಿ ಕಾರಿಗೆ ನೆರಳಿನಿಂದ ಇನ್ನೊಂದು ಅನುಕೂಲವಿದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕೂತರೆ ಒಲೆಯ ಮೇಲೆ ಕೂತಂತೆ. ಅದನ್ನು ತಣ್ಣಗೆ ಮಾಡಲು ಏಸಿ ಹಾಕುತ್ತೀರಿ. ಆ ಏಸಿಗೆ ಬೇಕಾದ ಕರೆಂಟು ಕಾರು ಓಡಿಸುವ ಬ್ಯಾಟರಿಯಿಂದಲೇ ಬರಬೇಕು. ಒಳಗೆ ಬಿಸಿ ಕಡಿಮೆಯಾದಷ್ಟೂ ನಾಲ್ಕು ಕಿಲೋಮೀಟರ್ ಹೆಚ್ಚು ಓಡೀತು.

ಇನ್ನು ಬಟ್ಟೆಯ ವಿಚಾರ. ಅಂಗಡಿಯವರು "ಹಂಡ್ರೆಡ್ ಪರ್ಸೆಂಟ್ ವಾಟರ್‌ಪ್ರೂಫ್ ಮೇಡಂ" ಅಂತಾರೆ. ಹಾಗೆಂದ ಕೂಡಲೇ ದುಡ್ಡು ಎಣಿಸಬೇಡಿ. ನೀರು ಒಳಗೆ ಬಿಡದ ಬಟ್ಟೆ, ಒಳಗಿನ ಹಬೆಯನ್ನೂ ಹೊರಗೆ ಬಿಡದಿದ್ದರೆ ಏನಾಗುತ್ತದೆ? ಬಿಸಿ ಚಪಾತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಆಗುವುದೇ ಆಗುತ್ತದೆ. ರಾತ್ರಿ ಬೆವರು, ಬೆಳಿಗ್ಗೆ ಬೂಷ್ಟಿನ ವಾಸನೆ. ಬಟ್ಟೆಯ ಒಂದು ಮೂಲೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಸ್ವಲ್ಪವಾದರೂ ಗಾಳಿ ದಾಟಬೇಕು. ಆಮೇಲೆ ಮೇಲೊಂದು ಚಮಚ ನೀರು ಹಾಕಿ ನೋಡಿ, ಮುತ್ತಿನಂತೆ ಉರುಳಿ ಹೋಗಬೇಕು. ಇವೆರಡೂ ಇದ್ದು, ಒಳಮೈ ಹತ್ತಿಯಂತೆ ಮೆತ್ತಗಿದ್ದರೆ ಅದು ಒಳ್ಳೆಯ ಬಟ್ಟೆ. ಬಯಲುಸೀಮೆಯವರಿಗೆ ಮಳೆಗಿಂತ ಬಿಸಿಲು, ಧೂಳಿನ ಕಾಟ ಹೆಚ್ಚು; ಅಲ್ಲಿ ಹಗುರ ಬಟ್ಟೆ ಸಾಕು. ಮಲೆನಾಡಿನಲ್ಲಿ ಆಷಾಢ ಶ್ರಾವಣದಲ್ಲಿ ಕವರ್ ಒಣಗುವುದೇ ಇಲ್ಲ. ಒದ್ದೆ ಕವರನ್ನು ವಾರಗಟ್ಟಲೆ ಹೊದಿಸಿಡುವುದಕ್ಕಿಂತ ಒಂದು ಶೀಟಿನ ಚಪ್ಪರ ಹಾಕಿಸುವುದೇ ಮೇಲು.

ಎಲ್ಲಕ್ಕಿಂತ ಮುಖ್ಯ ತೂಕ. ಅಂಗಡಿಯಲ್ಲಿ ಮಡಿಸಿದ ಕವರನ್ನು ನೀವೇ ಎತ್ತಿ ನೋಡಿ. ಮಳೆಯಲ್ಲಿ ನೆನೆದರೆ ಅದು ಇನ್ನೂ ಭಾರವಾಗುತ್ತದೆ. ಒಬ್ಬಳೇ ಎತ್ತಿ ಹಾಕಲಾರದ ಕವರ್, ನಿಮ್ಮ ಕಾರಿಗೆ ಹಾಕಿದ ಬೀಗ ಎಂದೇ ತಿಳಿಯಿರಿ. ಬೆಳಿಗ್ಗೆ ಡಬ್ಬಿ ಕಟ್ಟಿ, ಮಕ್ಕಳ ಜಡೆ ಹಾಕಿ, ಆಮೇಲೆ "ಸ್ವಲ್ಪ ಬನ್ನಿ, ಕವರ್ ಹಿಡೀರಿ" ಎಂದು ಯಾರನ್ನು ಕರೆಯುತ್ತೀರಿ? ಒಂದು ದಿನ ಬಿಟ್ಟುಬಿಡುತ್ತೀರಿ, ಎರಡು ದಿನ ಬಿಡುತ್ತೀರಿ, ತಿಂಗಳಾದ ಮೇಲೆ ಸ್ಟೇರಿಂಗ್ ಹಿಡಿಯಲು ಕೈಯೇ ಅಂಜುತ್ತದೆ. ಕಷ್ಟಪಟ್ಟು ಕಲಿತ ಡ್ರೈವಿಂಗ್ ಅಲ್ಲವೇ? ಆದ್ದರಿಂದ ಕವರ್ ಆರಿಸುವಾಗ ಯಜಮಾನರ ಜೊತೆ ನೀವೂ ಹೋಗಿ. ಹೊದಿಸುವ ಕೈ ಯಾವುದೋ ಆರಿಸುವ ಕೈ ಅದೇ ಇರಲಿ.

ಅಳತೆ ಕೇಳುವಾಗ "ಸಣ್ಣ ಕಾರು" ಎಂದರೆ ಸಾಲದು. ಎಂಜಿ ಕಾಮೆಟ್ 2974 ಮಿಲಿಮೀಟರ್ ಉದ್ದ, ಟಾಟಾ ಟಿಯಾಗೊ ಇವಿ 3769. ಎರಡೂ ಸಣ್ಣ ಕಾರುಗಳೇ, ನಡುವೆ ಎರಡೂವರೆ ಅಡಿಗೂ ಮೀರಿದ ವ್ಯತ್ಯಾಸ! ದೊಗಳೆ ಕವರ್ ಗಾಳಿಗೆ ಪಟಪಟ ಹೊಡೆದು ಬಣ್ಣ ಉಜ್ಜುತ್ತದೆ. ಕನ್ನಡಿಗಳಿಗೆ ಜೇಬು, ಕೆಳಗೆ ಎಲಾಸ್ಟಿಕ್, ಹೊಟ್ಟೆಯಡಿ ಕಟ್ಟುವ ಪಟ್ಟಿ ಇರಲಿ. ಚಾರ್ಜಿಂಗ್ ಬಾಯಿ ಕೆಲವು ಕಾರಿಗೆ ಮೂಗಿನಲ್ಲಿ, ಕೆಲವಕ್ಕೆ ಪಕ್ಕದಲ್ಲಿ ಇರುತ್ತದೆ. ಆ ಜಾಗಕ್ಕೆ ಸರಿಯಾಗಿ ಜಿಪ್ ಇಟ್ಟ ಕವರುಗಳೂ ಸಿಗುತ್ತವೆ.

ಆದರೆ ಜಿಪ್ ಇದೆ ಎಂದು ಕವರ್ ಹೊದ್ದೇ ಚಾರ್ಜಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಗೋಡೆಯಿಂದ ಬರುವ ಕರೆಂಟನ್ನು ಬ್ಯಾಟರಿಗೆ ಒಗ್ಗುವಂತೆ ಬದಲಿಸುವ ಯಂತ್ರ ಕಾರಿನೊಳಗೇ ಇದೆ. ಅದು ಬಿಸಿಯಾಗುತ್ತದೆ, ಆ ಬಿಸಿಗೆ ಹೊರದಾರಿ ಬೇಕು. ಗೀಸರ್ ಅರ್ಧ ಗಂಟೆ ಉರಿದು ಆರುತ್ತದೆ, ಕಾರೋ ರಾತ್ರಿಯಿಡೀ ಎಳೆಯುತ್ತದೆ. ಮನೆಯಲ್ಲಿ ಸಾಮಾನ್ಯವಾಗಿ ಬಳಸುವ 3.3 ಕಿಲೋವ್ಯಾಟ್ ಚಾರ್ಜರ್ ಎಂದರೆ 14-15 ಆಂಪಿಯರ್ ಆಯಿತು. ಆದ್ದರಿಂದ ಕವರ್ ತೆಗೆದೇ ಚಾರ್ಜ್ ಮಾಡಿ. ಮಳೆ ಬರುತ್ತದೆಂದು ಪ್ಲಗ್ಗು, ಸಾಕೆಟ್ಟುಗಳ ಮೇಲೆ ಬಟ್ಟೆ ಮುಚ್ಚುವ ಕೆಲಸ ಬೇಡಿ. ಸಾಕೆಟ್ಟು ಸೂರಿನ ಕೆಳಗಿರಲಿ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಕಾರಿನ ಜೊತೆ ಬಂದ ಪುಸ್ತಕವನ್ನು ಬೀರುವಿನಿಂದ ತೆಗೆದು ಚಾರ್ಜಿಂಗಿನ ಪುಟಗಳನ್ನಾದರೂ ಓದಿ.

ಹೊದಿಸುವ ಮುನ್ನ ಧೂಳು ತೊಳೆದು ಒರೆಸಬೇಕು. ಧೂಳಿನ ಮೇಲೆ ಬಟ್ಟೆ ಎಳೆದರೆ ಉಪ್ಪುಕಾಗದ ಉಜ್ಜಿದಂತೆ. ಈ ಕಾರು ಸದ್ದು ಮಾಡುವುದಿಲ್ಲ ನೋಡಿ, ಆಫ್ ಆಗಿದೆಯೋ ಇಲ್ಲವೋ ಕಿವಿಗೆ ಗೊತ್ತಾಗುವುದಿಲ್ಲ. ಮುಂದಿನ ಪರದೆ ಕಪ್ಪಾಗಿದೆಯೇ ಎಂದು ಕಣ್ಣಿನಲ್ಲೇ ನೋಡಿಕೊಳ್ಳಿ. ಒಬ್ಬರೇ ಹೊದಿಸುವ ಉಪಾಯ ಹೇಳುತ್ತೇನೆ. ತೆಗೆಯುವಾಗ ಎರಡು ಪಕ್ಕಗಳನ್ನೂ ಛಾವಣಿಯ ಮೇಲಕ್ಕೆ ಸೀರೆಯಂತೆ ಮಡಿಸಿ, ಹಿಂದಿನಿಂದ ಮುಂದಕ್ಕೆ ಚಾಪೆ ಸುತ್ತಿದಂತೆ ಸುತ್ತಿಡಿ. ಮತ್ತೆ ಹಾಕುವಾಗ ಸುರುಳಿಯನ್ನು ಬಾನೆಟ್ ಮೇಲಿಟ್ಟು ಹಿಂದಕ್ಕೆ ಬಿಚ್ಚುತ್ತಾ ಹೋಗಿ, ಪಕ್ಕಗಳನ್ನು ಇಳಿಬಿಡಿ. ನಾಲ್ಕು ದಿನದಲ್ಲಿ ಕೈ ಪಳಗುತ್ತದೆ.

ಊರಿಗೆ ಹೋಗಿ ತಿಂಗಳು ನಿಲ್ಲಿಸುವುದಾದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ, ಸುಮಾರು ಅರ್ಧ ಇರಲಿ. ಪಕ್ಕದ ಮನೆಯವರಿಗೆ ಹೇಳಿ ವಾರಕ್ಕೊಮ್ಮೆ ಕವರ್ ತೆಗೆಸಿ ಗಾಳಿಯಾಡಿಸಿ. ಕತ್ತಲು, ಬೆಚ್ಚಗಿನ ಜಾಗ ಸಿಕ್ಕರೆ ಇಲಿ ಸಂಸಾರ ಹೂಡುತ್ತದೆ, ವೈರು ಕಡಿಯುತ್ತದೆ. ದೀಪಾವಳಿಯ ಸಂಜೆಗಳಲ್ಲಿ, ಬೀದಿಯಲ್ಲಿ ಪಟಾಕಿ ಹೊಡೆಯುವವರಿದ್ದರೆ, ಕವರನ್ನು ಮಡಿಸಿ ಒಳಗಿಡಿ. ಪಾಲಿಯೆಸ್ಟರಿಗೆ ಕಿಡಿ ತಗುಲಿದರೆ ಕರಗಿ ಬಣ್ಣಕ್ಕೆ ಅಂಟುತ್ತದೆ. ಹಂಡೆ ಒಲೆಯ ಹತ್ತಿರವೂ ಬೇಡ.

ಕಾರಿನ ಬಾಗಿಲಿಗೆ ಬೀಗ ಹಾಕಿಯೇ ಕವರ್ ಹೊದಿಸಿ. ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾ ಒಳಗೆ ಹೊಕ್ಕು ಬಾಗಿಲು ಎಳೆದುಕೊಂಡರೆ, ಹೊದಿಕೆಯ ಮರೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಸಿಲಿನಲ್ಲಿ ಸ್ವಲ್ಪ ಹೊತ್ತೇ ಸಾಕು ಅನಾಹುತಕ್ಕೆ. ಕೀಲಿ ಮಕ್ಕಳ ಕೈಗೆ ಸಿಗದ ಮೊಳೆಗೆ ತೂಗಲಿ.

ಕವರನ್ನು ತಿಂಗಳಿಗೊಮ್ಮೆ ನೆಲದಲ್ಲಿ ಹರಡಿ, ಸೌಮ್ಯವಾದ ಸೋಪಿನ ನೀರಿನಲ್ಲಿ ಮೆತ್ತಗೆ ತಿಕ್ಕಿ, ನೆರಳಿನಲ್ಲಿ ಒಣಗಿಸಿ. ಬ್ರಷ್ ಬೇಡ, ಹಿಂಡಬೇಡಿ, ಹಸಿಯಿರುವಾಗ ಮಡಿಸಲೂ ಬೇಡಿ. ಬಿಸಿಲಿಗೆ ಸೊರಗಿ ಹರಿದ ಮೇಲೂ ಎಸೆಯಬೇಕಾಗಿಲ್ಲ, ಮಳೆಗಾಲದಲ್ಲಿ ಸೌದೆ ರಾಶಿಗೆ ಹೊದಿಸಲು ಬರುತ್ತದೆ.